ಕಾಣದ ಹೊಳೆಗೆ ಕಟ್ಟಿದ ಗಂಟು

ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕೆಲಸ 'ನೀರಾವರಿ ಕಡೆ' ಎಂದು ಹೇಳಿದ್ದರು. ಹೊಳಲ್ಕೆರೆಯಲ್ಲಿ ಮಂಡಿಯ ಪಕ್ಕ ಸಣ್ಣ ಅಂಗಡಿ ಇಟ್ಟಿದ್ದ ನಮ್ಮಪ್ಪ, ಸರ್ಕಾರಿ ನೌಕರಿ ಅಂದಮೇಲೆ ಹೆಚ್ಚು ಕೆದಕಲಿಲ್ಲ. ಮದುವೆಯಾಗಿ ಹಿರಿಯೂರಿನ ಹತ್ತಿರ, ಮಾರಿಕಣಿವೆ ಅಣೆಕಟ್ಟಿನ ಕೆಳಗಿನ ಕ್ವಾರ್ಟರ್ಸಿಗೆ ಬಂದ ಮೂರನೆಯ ದಿನ ಒಗೆಯಲು ತೆಗೆದುಕೊಂಡ ಅಂಗಿಯ ತೋಳಿಗೆ ಹೊಳೆಯುವ ಬಿಲ್ಲೆಯಂಥದ್ದೊಂದು ಅಂಟಿತ್ತು. ಉಗುರಿನಲ್ಲಿ ಕಿತ್ತು ಬೆಳಕಿಗೆ ಹಿಡಿದೆ.

"ಇದೇನ್ರಿ?" ಎಂದು ಅವರನ್ನು ಕೇಳಿದೆ.

"ಮೀನಿನ ಹುರುಪೆ. ಕಾಟ್ಲಾದು," ಎಂದರು ಗಡ್ಡ ಕೆರೆಯುತ್ತಾ. "ಯಾಕೆ, ನಿಮ್ಮಪ್ಪ ಹೇಳಿಲ್ವಾ? ನಾನು ಮೀನು ಇಲಾಖೆಯೋನು."

ನಮ್ಮ ಎರಡೂ ಮನೆಗಳು ಕೊರಳಲ್ಲಿ ಲಿಂಗ ಕಟ್ಟಿದವರವು. ಅವರೂ ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವರಲ್ಲ. ಅಣೆಕಟ್ಟಿನ ಕೆಳಗಿನ ತೊಟ್ಟಿಗಳಲ್ಲಿ ಮೀನುಮರಿ ಬೆಳೆಸುವುದು, ಡಬ್ಬಗಳಲ್ಲಿ ತುಂಬಿ ಜೀಪಿನಲ್ಲಿ ಹೊತ್ತು ಭರಮಸಾಗರದಿಂದ ಹೊಸದುರ್ಗದವರೆಗೆ ಕೆರೆಕೆರೆಗೆ ಬಿಟ್ಟು ಬರುವುದು ಅವರ ಕೆಲಸ. ಈ ಸುದ್ದಿ ಕೇಳಿ ನಮ್ಮವ್ವ ಮೂರು ತಿಂಗಳು ಇತ್ತ ಸುಳಿಯಲಿಲ್ಲ. ಕೊನೆಗೆ ಬಂದಾಗ ಕುಡಿಯುವ ನೀರನ್ನು ತಾನೇ ತಂಬಿಗೆಯಲ್ಲಿ ತಂದಿದ್ದಳು. ನನಗೆ ಮಾತ್ರ ಬೇಗ ಅಭ್ಯಾಸವಾಯಿತು. ಆ ಮರಿಗಳು ಬೆರಳುದ್ದ ಇರುತ್ತಿದ್ದವು. ಅವರು ಅಂಗೈ ನೀರೊಳಗಿಟ್ಟರೆ ಸುತ್ತ ಬಂದು ಮುತ್ತುತ್ತಿದ್ದವು. ಆಗ ಅವರ ಮುಖ ನೋಡಬೇಕಿತ್ತು.

ಟ್ರೌಟ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಊಟಕ್ಕೆ ಕೂತಾಗ. ಅವರು ತರಬೇತಿಗೆ ಹೋದ ಕಾಲದಲ್ಲಿ ಒಬ್ಬ ಮುದುಕ ಮೇಷ್ಟ್ರು, "ಇದು ಪರೀಕ್ಷೆಗೆ ಬರೋದಿಲ್ಲ, ಆದರೂ ಕೇಳಿ," ಎಂದು ಒಂದು ಗಂಟೆ ಪೂರ್ತಿ ಆ ಮೀನಿನ ಬಗ್ಗೆ ಮಾತಾಡಿದ್ದರಂತೆ. ಅದು ನಮ್ಮ ದೇಶದ ಮೀನಲ್ಲ. ಬಿಳಿಯರು ಅದರ ಮೊಟ್ಟೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಹಡಗಿನಲ್ಲಿ ತಂದು ನೀಲಗಿರಿಯ ಹೊಳೆಗಳಲ್ಲಿ ಬಿಟ್ಟರು. ತಣ್ಣಗಿರುವ, ಸದಾ ಹರಿಯುವ, ತಳ ಕಾಣುವ ನೀರಿನಲ್ಲಿ ಮಾತ್ರ ಅದು ಬದುಕುತ್ತದೆ. ನೀರು ಸ್ವಲ್ಪ ಬೆಚ್ಚಗಾದರೂ ಸಾಯುತ್ತದೆ. ಎರೆಹುಳು ಚುಚ್ಚಿದ ಗಾಳ ಹಾಕಿ ಹಿಡಿಯುವವರನ್ನು ಕಂಡರೆ ಆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಗರಿಯಿಂದ ನೊಣ ಕಟ್ಟಿ, ಅದನ್ನು ನಿಜವಾದ ನೊಣ ಕೂತಂತೆ ನೀರಿನ ಮೇಲೆ ಕೂರಿಸಬೇಕು, ಮೀನು ನಂಬಿ ಮೇಲೆ ಬರಬೇಕು. ಹಿಡಿದದ್ದನ್ನು ಮೆಲ್ಲಗೆ ಬಿಟ್ಟುಬಿಡಬೇಕು.

"ನಾವೊಂದ್ಸಲ ಅಲ್ಲಿಗೆ ಹೋಗಾಣ," ಎಂದರು. "ನೀನೂ ಬರ್ತೀಯ."

ಮದುವೆಯಾದ ಮೇಲೆ ಅವರು ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೊಂದು.

ದುರ್ಗದಲ್ಲಿ ಒಂದು ಹಳೆಯ ಬಂಗಲೆಯ ಸಾಮಾನು ಹರಾಜಾದಾಗ ಅವರು ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಅದರೊಳಗೆ ಮೂರು ತುಂಡಿನ ಬಿದಿರಿನ ಕೋಲು, ತುಂಡು ಜೋಡಿಸುವ ಹಿತ್ತಾಳೆಯ ಕೊಳವೆಗಳು, ದಾರ ಸುತ್ತಿದ ರಾಟೆ, ಮೊದಲ ಹಾಳೆಗಳೇ ಇಲ್ಲದ ಒಂದು ಇಂಗ್ಲಿಷ್ ಪುಸ್ತಕ. ಕೋಲಿನ ತುದಿ ಸೀಳಿತ್ತು. ನನ್ನ ಹೊಲಿಗೆ ಡಬ್ಬಿಯಿಂದ ರೇಷ್ಮೆ ದಾರ ತೆಗೆದು ಸುತ್ತಿ, ಮೇಲೆ ವಾರ್ನಿಷ್ ಬಳಿದು, ಎಂಟು ದಿನ ನೆರಳಲ್ಲಿ ಒಣಗಿಸಿದರು.

ಭಾನುವಾರಗಳಂದು ನಡುಮನೆಯ ಸಿಮೆಂಟ್ ನೆಲದ ಮೇಲೆ ಭೂಪಟ ಹಾಸುತ್ತಿದ್ದೆವು. ಅದರ ನಾಲ್ಕು ಮೂಲೆಗೆ ಪಾವು, ಸೇರು, ಲಟ್ಟಣಿಗೆ, ನನ್ನ ಮಂಡಿ. ಹಿರಿಯೂರಿನಿಂದ ತುಮಕೂರು, ಅಲ್ಲಿಂದ ಮೈಸೂರು, ಗುಂಡ್ಲುಪೇಟೆ, ಕಾಡು, ಘಾಟಿ. ಆಮೇಲೆ ಕೂದಲಿಗಿಂತ ಸಣ್ಣದಾದ ಒಂದು ನೀಲಿ ಗೀಟು. ಅದೇ ಹೊಳೆ. ಅದರ ಬಗ್ಗೆ ನಮಗೆ ಗೊತ್ತಿದ್ದದ್ದು ಆ ಗೀಟು ಮತ್ತು ಮೇಷ್ಟ್ರ ಒಂದು ಗಂಟೆಯ ಮಾತು, ಅಷ್ಟೆ. ಎಲ್ಲಿ ಇಳಿಯಬೇಕು, ದಡದಲ್ಲಿ ನಿಲ್ಲಲು ಜಾಗ ಇದೆಯೇ, ಹೆಂಗಸರು ಹೋಗಬಹುದೇ, ಯಾವುದೂ ತಿಳಿಯದು. ಅವರು ಅಲ್ಲಿನ ಮೀನು ಇಲಾಖೆಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಅವರ ಅಕ್ಷರ ಕೋಳಿ ಕೆದಕಿದಂತಿತ್ತು, ಅದಕ್ಕೆ ಶುದ್ಧಪ್ರತಿ ನಾನು ತೆಗೆದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಇಂಗ್ಲಿಷ್ ಅಕ್ಷರ ಬರೆದದ್ದು ಆಗಲೇ.

ಒಂದೂವರೆ ತಿಂಗಳಿಗೆ ಟೈಪ್ ಮಾಡಿದ ಉತ್ತರ ಬಂತು. ಹೊಳೆಯನ್ನು ಭಾಗಭಾಗ ಮಾಡಿದ್ದಾರೆ, ಒಂದು ಭಾಗಕ್ಕೆ ಒಂದೇ ಕೋಲು. ಮೊದಲೇ ಅನುಮತಿ ಪಡೆಯಬೇಕು. ಸಣ್ಣ ಮೀನನ್ನು ವಾಪಸ್ ನೀರಿಗೆ ಬಿಡಬೇಕು. ಉಳಿಯಲು ದಡದಲ್ಲೇ ಒಂದು ಗುಡಿಸಿಲಿನಂಥ ಮನೆ ಇದೆ, ಕಂಬಳಿ ನೀವೇ ತರಬೇಕು. ಅವರು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಕಂಬಳಿಯ ಸಾಲಿಗೆ ಬಂದಾಗ ನನಗೆ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ಅದು ಬರೀ ಮಾತಾಗಿತ್ತು.

ನೊಣ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅವರ ಬೆರಳು ದಪ್ಪ. ಮದ್ರಾಸಿನಿಂದ ತರಿಸಿದ ಗಾಳದ ಕೊಕ್ಕೆಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಗರಿಗೆ ನಮ್ಮ ಮನೆ ಹಿಂದಿನ ಕುರಿಹಟ್ಟಿಯ ಹೆಂಗಸನ್ನು ಕೇಳಿದೆ. ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

"ಅಕ್ಕಾ, ಲಿಂಗವಂತ್ರ ಮನೆಗೆ ಹುಂಜದ ಪುಕ್ಕ ಯಾಕವ್ವಾ?"

"ನೊಣ ಮಾಡಾಕೆ."

"ಇರೋ ನೊಣ ಸಾಲ್ದಾ ನಿಮ್ಗೆ?" ಎಂದು ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಮರುದಿನ ಮಾತ್ರ ಕೆಂಪು ಹುಂಜದ ಕತ್ತಿನ ಗರಿಗಳನ್ನು ಎಕ್ಕದ ಎಲೆಯಲ್ಲಿ ಸುತ್ತಿ ತಂದುಕೊಟ್ಟಳು. ನಾನು ಕಟ್ಟಿದವನ್ನು ನೋಡಿ, "ಇವು ಕಳ್ಳನೊಣ," ಎಂದಳು. ನಮ್ಮ ಮನೆಯಲ್ಲಿ ಅದೇ ಹೆಸರಾಯಿತು.

ಸಂಜೆ ಹಿತ್ತಲಲ್ಲಿ ಅಭ್ಯಾಸ. ಪುಸ್ತಕದಲ್ಲಿ ಹೇಳಿದಂತೆ ಅವರು ಮೊಣಕೈ ಅಲುಗದಿರಲೆಂದು ಕಂಕುಳಲ್ಲಿ ಪಂಚಾಂಗ ಅವುಚಿಕೊಂಡು, ಮಣಿಕಟ್ಟಿನಿಂದಲೇ ದಾರ ಬೀಸುತ್ತಿದ್ದರು. ದಾರ ಹಿಂದೆ ಹೋಗಿ ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ತರಬೇಕು. ಅವರು ಕಾಯುತ್ತಿರಲಿಲ್ಲ. ದಾರ ಜಾಲಿಗಿಡಕ್ಕೋ ತಮ್ಮ ಕಿವಿಗೋ ಸುತ್ತಿಕೊಳ್ಳುತ್ತಿತ್ತು. ಬೇಲಿಯಾಚೆ ನಿಂತವರು, "ಸಾರು, ಮಣ್ಣಾಗೆ ಏನ್ ಹಿಡೀತೀರಿ?" ಎಂದು ಕೇಳುತ್ತಿದ್ದರು.

ಒಂದು ದಿನ ಅವರು ಕಚೇರಿಗೆ ಹೋದ ಮೇಲೆ ನಾನೇ ಕೋಲು ಜೋಡಿಸಿದೆ. ತೊಳೆದ ಊಟದ ತಟ್ಟೆಯನ್ನು ಹಿತ್ತಲ ಆ ತುದಿಗಿಟ್ಟೆ. ಮೊದಲ ಹತ್ತು ಸಲ ಎಲ್ಲೆಲ್ಲೋ ಹೋಯಿತು. ಆಮೇಲೆ ತೊಟ್ಟಿಲು ತೂಗುವಾಗ ಕೈಗೆ ಆಗುವಂಥದ್ದೇನೋ ಆಯಿತು, ಹಿಂದೆ ಹೋದದ್ದು ತಾನಾಗಿ ಬರುವವರೆಗೆ ಸುಮ್ಮನಿರುವುದು. ನೊಣ ತಟ್ಟೆಯ ನಡುವೆ ಸದ್ದಿಲ್ಲದೆ ಕೂತಿತು. ವಾರದ ಮೇಲೆ ಅವರಿಗೆ ತೋರಿಸಿದೆ. ಅವರು ಕೋಲನ್ನು ವಾಪಸ್ ಕೇಳಲೇ ಇಲ್ಲ.

"ಅಲ್ಲಿ ನೀನೇ ಹಿಡೀತೀಯ ಕಣೇ," ಎಂದರು. "ನಾನು ನೊಣದ ಡಬ್ಬಿ ಹಿಡ್ಕಂಡು ಹಿಂದೆ ಬರ್ತೀನಿ."

ಆ ನಡುವೆ ಬಾಗೂರಿನಿಂದ ಮಾವ ಬಂದರು. ಮೂಲೆಯಲ್ಲಿ ನಿಲ್ಲಿಸಿದ್ದ ಕೋಲನ್ನು ನೋಡಿ, "ಇದೇನಪ್ಪಾ?" ಎಂದು ಮಗನನ್ನು ಕೇಳಿದರು. ಮಗ ಸುಳ್ಳು ಹೇಳಲಿಲ್ಲ.

"ಹಿಡಿದು ಏನ್ಮಾಡ್ತೀಯ?"

"ಬಿಟ್ಬಿಡ್ತೀನಿ."

"ಬಿಡಾಕೆ ಯಾಕಪ್ಪಾ ಹಿಡೀಬೇಕು?"

ಮಾವ ಕೋಪ ಮಾಡಿಕೊಳ್ಳಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಉತ್ತರ ಸಿಗದೆ ಮರುದಿನ ಊರಿಗೆ ಹೋದರು.

ಮೊದಲ ವರ್ಷ ನಾವು ಹೋಗಲಾಗಲಿಲ್ಲ. ರಜೆ ಕೇಳಿದ ಹೊತ್ತಿಗೆ ಮಳೆ ಬಂತು. ಮಳೆ ಬಂದರೆ ಮೀನು ಮೊಟ್ಟೆಯಿಡುವ ಕಾಲ, ಆಗ ಯಾರಿಗೂ ರಜೆ ಇಲ್ಲ. ಮುಂದಿನ ವರ್ಷ ನೋಡೋಣ ಎಂದುಕೊಂಡೆವು. ಭೂಪಟ ಮಡಚಿ ಟ್ರಂಕಿನಲ್ಲಿಟ್ಟೆ.

ಮುಂದಿನ ವರ್ಷ ಮಳೆಯೇ ಬರಲಿಲ್ಲ. ಅದರ ಹಿಂದಿನ ಹಿಂಗಾರೂ ಕೈಕೊಟ್ಟಿತ್ತು. ಮಾರಿಕಣಿವೆಯ ನೀರು ದಿನದಿನಕ್ಕೆ ಹಿಂದೆ ಸರಿದು, ನಾವು ಎಂದೂ ಕಾಣದಿದ್ದ ಬಂಡೆಗಳು ಬಿಸಿಲಿಗೆ ಬಂದವು. ತೊಟ್ಟಿಗಳಲ್ಲಿ ಮರಿ ಬೆಳೆಸುವುದು ನಿಂತಿತು. ಹೊಸದುರ್ಗದ ಕಡೆಯ ಒಂದು ಕೆರೆಗೆ ಎರಡು ವರ್ಷದ ಕೆಳಗೆ ಅವರೇ ಮರಿ ಬಿಟ್ಟು ಬಂದಿದ್ದರು. ಆ ಮೀನು ಮೊಳದುದ್ದ ಬೆಳೆದಿವೆಯೆಂದು ನನ್ನ ಹತ್ತಿರ ಬಂದು ಬಂದು ಹೇಳುತ್ತಿದ್ದರು. ಆ ಕೆರೆ ಬತ್ತುತ್ತಿದೆ, ಬಂದು ನೋಡಿ ಎಂದು ಸುದ್ದಿ ಬಂತು. ನಾಲ್ಕು ದಿನ ಅಲ್ಲೇ ಇದ್ದರು.

ಐದನೆಯ ದಿನ ಬೆಳಗ್ಗೆ ಬಂದು ಹೊಸ್ತಿಲ ಹೊರಗೇ ನಿಂತರು. ಮೊಣಕಾಲಿನವರೆಗೆ ಕೆಸರು ಒಣಗಿ ಬಿರಿದಿತ್ತು. ವಾಸನೆಗೆ ನಾನು ಮುಖ ತಿರುಗಿಸಿದೆ. ಅದನ್ನು ಅವರು ನೋಡಿದರು.

ಸ್ನಾನ ಮಾಡಿ ಬಂದು ತಟ್ಟೆಯ ಮುಂದೆ ಕೂತು ಒಂದೇ ಸಲ ಹೇಳಿದರು. ಆಮೇಲೆ ಆ ಮಾತೆತ್ತಲಿಲ್ಲ.

"ಮೊಣಕಾಲುದ್ದ ನೀರಿತ್ತು. ಕಾದಿತ್ತು. ಬೆಳಗ್ಗೆ ಹೊತ್ತು ಮೂಡಾಕೂ ಮುಂಚೆ ಎಲ್ಲಾ ಮೇಲೆ ಬಂದಿದ್ವು, ಬಾಯಿ ತೆಕ್ಕಂಡು. ನಾನು ನೀರಾಗೆ ಇಳಿದೆ. ಕೈಯಿಟ್ಟೆ. ಓಡ್ಲಿಲ್ಲ. ನನ್ನ ಕೈ ಸುತ್ತಾನೇ ಬಂದ್ವು."

"ಊರೋರು?"

"ಬುಟ್ಟಿ ತಗಂಡು ಬಂದ್ರು. ಪಾಪ, ಹಸಿದಿದ್ರು. ತಗಂಡು ಹೋಗ್ಲಿ ಅಂದೆ. ಎರಡು ದಿನ ತಗಂಡು ಹೋದ್ರು. ಆಮೇಲೆ ಸತ್ತವನ್ನ ಯಾರು ಒಯ್ತಾರೆ? ಗುಂಡಿ ತೋಡಿಸಿದೆ. ಬಕೇಟಿನಾಗೆ ಇಪ್ಪತ್ತು ಹಾಕ್ಕಂಡು ಬಾವಿಗೆ ಬಿಡಾಣ ಅಂತ ಜೀಪಾಗೆ ಬಂದೆ. ದಾರಿಯಾಗೇ ಹೋದ್ವು."

ಅನ್ನ ಹಾಗೇ ಬಿಟ್ಟು ಎದ್ದರು. ಮಳೆ ಬಾರದಿದ್ದರೆ ಅವರೇನು ಮಾಡಿಯಾರು ಎಂದು ನಾನು ಹೇಳಬಹುದಿತ್ತು. ಅದು ಅವರಿಗೂ ಗೊತ್ತಿತ್ತು.

ಆ ಮೇಲೆ ಅವರು ಕೆಲಸಕ್ಕೆ ಹೋಗಿ ಬಂದು ಮಾಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಭಾನುವಾರ ಮಾತ್ರ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ನಾನು ಭೂಪಟ ತೆಗೆದು ಒಬ್ಬಳೇ ಹಾಸುತ್ತಿದ್ದೆ. ಮನಸ್ಸು ಬೇರೆ ಕಡೆ ಹೊರಳಿದರೆ ಸರಿಹೋಗಬಹುದು ಎಂಬುದು ನಾನು ನನಗೇ ಕೊಟ್ಟುಕೊಂಡ ನೆಪ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಆ ಹೊಳೆಯ ಆಸೆ ನನ್ನದೇ ಆಗಿತ್ತು. ನಾನು ಹುಟ್ಟಿದಾಗಿನಿಂದ ಕಂಡ ನೀರೆಲ್ಲ ನಿಂತ ನೀರು, ಕೆರೆಯದು, ಕೊಡದ್ದು, ಅಣೆಯ ಹಿಂದಿನದು. ನಮ್ಮ ಕಡೆಯ ಹೊಳೆ ವೇದಾವತಿ ಎಂದರೂ ಹೆಚ್ಚು ದಿನ ಮರಳೇ. ಕಲ್ಲಿನ ಮೇಲೆ ಹರಿಯುವ ನೀರಿನ ಸದ್ದು ಹೇಗಿರುತ್ತದೆ ಎಂದು ಪಾತ್ರೆ ತೊಳೆಯುವಾಗ ಯೋಚಿಸುತ್ತಿದ್ದೆ.

ನಾನೇ ಕಾಗದ ಬರೆದೆ. ಹಳೆಯ ಕಾಗದದ ಸಾಲುಗಳನ್ನೇ ಹಿಂದೆ ಮುಂದೆ ಮಾಡಿ, ಅವರ ಸಹಿ ಹಾಕಿಸಿದೆ. ಅವರು ಓದದೆ ಸಹಿ ಹಾಕಿದರು. ಮೂರನೆಯ ವರ್ಷ ಮಳೆ ಅಷ್ಟೋ ಇಷ್ಟೋ ಆಯಿತು. ಅನುಮತಿಯ ಕಾಗದವೂ ಬಂತು. ಹೊಳೆಯ ಎರಡನೆಯ ಭಾಗ, ಮೂರು ದಿನ, ಒಂದು ಕೋಲು. ರಜೆಯೂ ಸಿಕ್ಕಿತು. ಕೋಲಿಗೆ ಹಾಸಿಗೆ ಬಟ್ಟೆಯ ಚೀಲ ಹೊಲಿದೆ. ಮೂವತ್ತಾರು ಕಳ್ಳನೊಣಗಳನ್ನು ಹತ್ತಿಯಲ್ಲಿಟ್ಟು ಕುಂಕುಮದ ಡಬ್ಬಿಯಲ್ಲಿ ಜೋಡಿಸಿದೆ. ಹಟ್ಟಿಯವಳು ತನ್ನ ಮನೆಯ ಎರಡು ಕರಿಕಂಬಳಿ ಕೊಟ್ಟಳು. ಚಟ್ನಿಪುಡಿ, ರೊಟ್ಟಿ, ಅವರ ಪೂಜೆಯ ವಿಭೂತಿ, ನನ್ನ ಎರಡು ಸೀರೆ.

"ಹೋಗಲೇಬೇಕಾ?" ಎಂದು ಹೊರಡುವ ದಿನ ಕೇಳಿದರು.

"ಎಲ್ಲಾ ಆಗೈತಲ್ರಿ. ಬರ್ರಿ," ಎಂದೆ.

ಬಂದರು. ಬಸ್ಸಿನಲ್ಲಿ ಕಂಡಕ್ಟರ್ ಚೀಲ ನೋಡಿ, "ಏನ್ ಸ್ವಾಮಿ ಇದು, ಕೋವಿನಾ?" ಎಂದಾಗ ಸ್ವಲ್ಪ ನಕ್ಕರು ಕೂಡ. ತುಮಕೂರು ದಾಟಿದ ಮೇಲೆ ಕಿಟಕಿಯ ಪಕ್ಕ ನನಗೆ ಬಿಟ್ಟುಕೊಟ್ಟರು. ಸರಿಹೋಗುತ್ತಿದ್ದಾರೆ ಎಂದುಕೊಂಡೆ.

ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಎರಡು ಗಂಟೆ ಕಾಯಬೇಕಿತ್ತು. ಘಾಟಿಯಿಂದ ಇಳಿದು ಬಂದ ಬಸ್ಸಿನಿಂದ ಒಬ್ಬ ಮನುಷ್ಯ ಗಜ್ಜರಿಯ ಮೂಟೆ ಇಳಿಸಿಕೊಂಡು ನಮ್ಮ ಬೆಂಚಿನ ತುದಿಗೆ ಕೂತು ಬೀಡಿ ಹಚ್ಚಿದ. ಇವರು ಅವನನ್ನು ಕೇಳಿದರು:

"ಮೇಲೆ ಹೊಳೆಗಳಾಗೆ ನೀರು ಹೆಂಗೈತೆ?"

"ಯಾವ ಹೊಳೆ ಸ್ವಾಮಿ? ಅಲ್ಲಿ ಸುಮಾರು ಹೊಳೆಗೆ ಕಟ್ಟೆ ಕಟ್ಟವ್ರೆ, ಕರೆಂಟಿಗೆ. ಈ ಸಲ ಬಿಸಿಲೂ ಜಾಸ್ತಿ. ನಂಗೆ ಸರಿಯಾಗಿ ಗೊತ್ತಿಲ್ಲ ಬಿಡಿ, ನಾನು ತರಕಾರಿಯೋನು."

ಅಷ್ಟೇ. ಅವನು ಬೀಡಿ ಮುಗಿಸಿ ಎದ್ದುಹೋದ.

"ಹಿಂದಕ್ಕೆ ಹೋಗಾಣ," ಎಂದರು ಇವರು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸಿಟ್ಟು ಬಂತು. "ಅವನು ಗೊತ್ತಿಲ್ಲ ಅಂದನಲ್ಲ! ನಮ್ಮ ಹತ್ರ ಕಾಗದ ಐತೆ. ಅನುಮತಿ ಕೊಟ್ಟೋರಿಗೆ ಹೊಳೆ ಐತೋ ಇಲ್ವೋ ಗೊತ್ತಿರಲ್ವಾ?"

"ನಂಗಾಗಲ್ಲ."

"ನೀವು ಹಿಡೀಬ್ಯಾಡ್ರಿ. ದಡದಾಗೆ ಕುಂತ್ಕಳ್ರಿ. ನಾನು ನೋಡ್ಬೇಕು."

"ನಿಂಗೇನೈತೆ ಅಲ್ಲಿ?" ಎಂದರು. ಗದರಿಸಿ ಹೇಳಿದ ಮಾತಲ್ಲ, ದಣಿದು ಹೇಳಿದ್ದು. ಅವರ ಕೋಲು, ಅವರ ಮೇಷ್ಟ್ರು, ಅವರ ಹೆಸರಿನ ಕಾಗದ. ನನ್ನದು ಅಂತ ತೋರಿಸಲು ಏನೂ ಇರಲಿಲ್ಲ. ಒಬ್ಬಳೇ ಹೋಗುತ್ತೇನೆ ಎನ್ನುವ ಮಾತು ಆಗ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆಯ ಯಾವ ಹೆಂಗಸಿಗೂ ಆ ಕಾಲದಲ್ಲಿ ಹೊಳೆಯುತ್ತಿರಲಿಲ್ಲ.

ನಾವು ಹತ್ತಬೇಕಿದ್ದ ಬಸ್ಸು ಬಂತು. ಅದರ ಹಣೆಯ ಮೇಲಿನ ಬೋರ್ಡನ್ನು ಎರಡು ಸಲ ಓದಿದೆ. ಜನ ಹತ್ತಿದರು, ಅದು ಹೋಯಿತು. ಮಧ್ಯಾಹ್ನದ ತುಮಕೂರು ಬಸ್ಸಿಗೆ ಅವರು ಮುಂದೆ, ನಾನು ಹಿಂದೆ ಹತ್ತಿದೆವು. ದಾರಿಯುದ್ದಕ್ಕೂ ರೊಟ್ಟಿಯ ಗಂಟು ನನ್ನ ತೊಡೆಯ ಮೇಲೇ ಇತ್ತು. ಇಬ್ಬರೂ ಬಿಚ್ಚಲಿಲ್ಲ.

ಊರಿಗೆ ನೇರವಾಗಿ ಹೋಗಲು ಅವರಿಗೆ ಮುಖವಿರಲಿಲ್ಲ. ಮೂರು ದಿನ ತುಮಕೂರಿನ ಒಂದು ಛತ್ರದಲ್ಲಿ ಉಳಿದೆವು. ಅವರು ಬೆಳಗಾದರೆ ಎದ್ದು ಎಲ್ಲೋ ತಿರುಗಲು ಹೋಗುತ್ತಿದ್ದರು. ನಾನು ಕೋಣೆಯಲ್ಲಿ ಕೂತು ಬೀದಿಯ ನಲ್ಲಿಯಲ್ಲಿ ಜನ ನೀರಿಗೆ ಜಗಳವಾಡುವುದನ್ನು ಕೇಳುತ್ತಿದ್ದೆ.

ಕ್ವಾರ್ಟರ್ಸಿಗೆ ಬಂದಾಗ ಬೇಲಿಯ ಹತ್ತಿರ ಮೂರು ನಾಲ್ಕು ಜನ ಸೇರಿದರು. "ಸಾರು, ಹೆಂಗಿತ್ತು ಊಟಿ?"

ಅವರು ಬೀಗ ತೆಗೆಯುತ್ತಾ, ತಿರುಗದೆಯೇ, "ಚಳಿ," ಎಂದರು. "ಸಿಕ್ಕಾಪಟ್ಟೆ ಚಳಿ."

ನನ್ನನ್ನು ಒಂದು ಮಾತೂ ಕೇಳದೆ ಹೇಳಿಬಿಟ್ಟಿದ್ದರು. ಮರುದಿನ ಕಂಬಳಿ ಕೊಡಲು ಹೋದಾಗ ಹಟ್ಟಿಯವಳು ನನ್ನನ್ನು ಕೂರಿಸಿಕೊಂಡಳು. "ಮೀನು ಕಂಡ್ರಾ ಅಕ್ಕಾ? ಹೆಂಗಿದ್ವು?" ನಾನು ಹೇಳಿದೆ. ನೀರು ಕನ್ನಡಿಯಂತಿತ್ತು, ಕಾಲಿಟ್ಟರೆ ಮೂಳೆಗೆ ನಾಟುತ್ತಿತ್ತು. ಮೀನಿನ ಪಕ್ಕೆಯ ಮೇಲೆ ಕೆಂಪು ಚುಕ್ಕೆ, ಒಂದೊಂದು ಚುಕ್ಕೆಯ ಸುತ್ತ ಬಿಳಿಯ ಉಂಗುರ. ಕಳ್ಳನೊಣ ನಂಬಿ ಮೇಲೆ ಬಂತು. ಹಿಡಿದೆ, ಬಿಟ್ಟೆ. ಅವಳು ಹಾಲು ಕಾಯಿಸುವುದನ್ನು ಬಿಟ್ಟು ಕೇಳಿದಳು. ಅಷ್ಟು ಚೆನ್ನಾಗಿ ನಾನು ಬದುಕಿನಲ್ಲಿ ಏನನ್ನೂ ಹೇಳಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು, ಇನ್ನು ನಾವು ಹೋಗುವಂತೆಯೇ ಇಲ್ಲ. ಹೋಗಿ ಬಂದಾಯಿತಲ್ಲ. ಮತ್ತೆ ಭೂಪಟ ಹಾಸಿ ಕೂತರೆ ಕೇಳಿದವರಿಗೆ ಏನು ಹೇಳುವುದು?

ಮರುವರ್ಷ ಅವರು ಕೇಳಿಕೊಂಡು ದುರ್ಗದ ಕಚೇರಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಬರೀ ಕಡತದ ಕೆಲಸ. ಬೇರೆಯವರು ಬಿಟ್ಟ ಮರಿಗಳ ಲೆಕ್ಕವನ್ನು ಕಾಗದದ ಮೇಲೆ ನೋಡುವುದು. ಸಾಮಾನು ಸಾಗಿಸುವಾಗ ಮರದ ಪೆಟ್ಟಿಗೆ ಕಾಣಲಿಲ್ಲ. ಅವರು ಯಾರಿಗೆ ಕೊಟ್ಟರೋ, ನಾನು ಕೇಳಲಿಲ್ಲ. ದುರ್ಗದ ಮನೆಯಲ್ಲಿ ಅವರ ಅಂಗಿಗಳು ಒಗೆಯಲು ಸುಲಭವಾದವು, ಶಾಯಿಯ ಕಲೆ ಮಾತ್ರ ಇರುತ್ತಿತ್ತು. ಜನ ನನ್ನ ಗಂಡನನ್ನು ಶಾಂತ ಸ್ವಭಾವದವರು ಎಂದು ಹೊಗಳುತ್ತಿದ್ದರು.

ಆ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ, ಅವರು ತಿಂಡಿ ತಿನ್ನುತ್ತಿದ್ದಾಗ, ಯಾಕೋ ಕೇಳಿಬಿಟ್ಟೆ. "ಅವತ್ತು ಮೈಸೂರಾಗೆ ಯಾಕ್ರಿ ಹಂಗೆ ಮಾಡಿದ್ರಿ? ಆ ಹೊಳೆ ಚೆನ್ನಾಗೇ ಇತ್ತೇನೋ."

ಅವರಿಗೆ ಆಶ್ಚರ್ಯವಾಗಲಿಲ್ಲ. ಉತ್ತರ ಮೊದಲೇ ಇಟ್ಟುಕೊಂಡಿದ್ದವರಂತೆ ಹೇಳಿದರು. "ಚೆನ್ನಾಗಿದ್ದಿರಬಹುದು. ಚೆನ್ನಾಗಿದ್ದಿದ್ರೂ ನಂಗೆ ನೋಡಾಕೆ ಆಗ್ತಿರ್ಲಿಲ್ಲ."

"ನಂಗೆ ಆಗ್ತಿತ್ತು," ಎಂದೆ.

ಕೇಳಿಸಿಕೊಂಡರು. ಕೈ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು ಕಚೇರಿಗೆ ಹೊರಟರು. ನಾನು ತಟ್ಟೆ ಎತ್ತಿದೆ.